ಫಸ್ಟ್ ಬರುವ ಹುಡುಗಿ, ತಂಪಾಗದ ಮಡಕೆ: ಒಂದು ಪ್ರಕರಣ ಅಧ್ಯಯನ

ಬಿ.ಎಡ್. ಓದುವವರಿಗೆ ಪ್ರಕರಣ ಅಧ್ಯಯನ (ಒಂದು ಮಗುವನ್ನು ಹತ್ತಿರದಿಂದ ಗಮನಿಸಿ ಬರೆಯುವುದು) ಅಂದ ಕೂಡಲೇ ಹಿಂದಿನ ಬೆಂಚು ನೆನಪಾಗುತ್ತದೆ. ಸರಿಯಾಗಿ ಓದದ ಹುಡುಗ, ಪದೇ ಪದೇ ಗೈರಾಗುವ ಹುಡುಗಿ, ಮಧ್ಯಾಹ್ನ ಊಟ ಆದಮೇಲೆ ತೂಕಡಿಸುವವನು. ನಮ್ಮ ಬ್ಯಾಚಿನ ಹೆಚ್ಚಿನವರು ಅಂಥ ಮಗುವನ್ನೇ ಆರಿಸಿಕೊಂಡರು. ನಾನು ಆರಿಸಿಕೊಂಡಿದ್ದು ಕ್ಲಾಸಿಗೇ ಫಸ್ಟ್ ಬರುವ ಹುಡುಗಿಯನ್ನು. ಅವಳಿಗೇನು ಸಮಸ್ಯೆ ಅಂತ ನಮ್ಮ ಕಾಲೇಜಿನಲ್ಲೇ ಕೇಳಿದರು. ಆ ಪ್ರಶ್ನೆಗೆ ಉತ್ತರವಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಶಾಲೆಯ ಹೆಸರು, ಊರಿನ ಹೆಸರು ಇಲ್ಲಿಲ್ಲ. ಮಕ್ಕಳ ಹೆಸರು ಬದಲಿಸಿದ್ದೇನೆ. ಹುಡುಗಿಯನ್ನು ಸುಮ ಅಂತಲೂ, ಆಮೇಲೆ ಬರುವ ಹುಡುಗನನ್ನು ಮಂಜ ಅಂತಲೂ ಕರೆಯುತ್ತೇನೆ.

ಹಿನ್ನೆಲೆ

2015ರಿಂದ ಬಿ.ಎಡ್. ಎರಡು ವರ್ಷದ ಕೋರ್ಸ್ ಆಗಿದೆ. ಎರಡನೇ ವರ್ಷದಲ್ಲಿ ನಮ್ಮನ್ನು ಶಾಲೆಗೆ ಕಳಿಸುತ್ತಾರೆ, ತಿಂಗಳುಗಟ್ಟಲೆ ಅಲ್ಲೇ ಇದ್ದು ಪಾಠ ಮಾಡಬೇಕು. ನನಗೆ ಸಿಕ್ಕಿದ್ದು ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದ ಕನ್ನಡ ಮಾಧ್ಯಮ ಪ್ರೌಢಶಾಲೆ, ಒಂಬತ್ತನೇ ತರಗತಿ, ವಿಜ್ಞಾನ. ಸಮಯ ಮಳೆಗಾಲ. ಈ ಮಳೆಗಾಲ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದೇ ಮುಖ್ಯವಾಗುತ್ತದೆ.

ನನ್ನ ಮಾರ್ಗದರ್ಶಕ ಶಿಕ್ಷಕರು ಒಳ್ಳೆಯವರು, ಮಕ್ಕಳ ಮೇಲೆ ಕೈ ಎತ್ತಿದವರಲ್ಲ. ಎಂಟು, ಒಂಬತ್ತು, ಹತ್ತು, ಮೂರಕ್ಕೂ ಆ ವಿಷಯಕ್ಕೆ ಅವರೊಬ್ಬರೇ. ಜೊತೆಗೆ ಬಿಸಿಯೂಟದ ಲೆಕ್ಕ, ಆನ್‌ಲೈನ್‌ನಲ್ಲಿ ತುಂಬಬೇಕಾದ ಮಾಹಿತಿ, ಹತ್ತನೇ ತರಗತಿಗೆ ಸಂಜೆ ವಿಶೇಷ ತರಗತಿ. ಹಾಗಾಗಿ ಪಾಠ ವಿವರಿಸಿ, ಪ್ರಶ್ನೋತ್ತರ ಬೋರ್ಡಿನ ಮೇಲೆ ಬರೆದು, ಮಕ್ಕಳಿಂದ ನೋಟ್ಸ್ ಮಾಡಿಸಿ, ಮುಂದಿನ ವಾರ ಅದನ್ನೇ ಟೆಸ್ಟ್ ಕೊಡುವುದು ಅಲ್ಲಿನ ಪದ್ಧತಿ. ಮಕ್ಕಳಿಗೆ ಹುರುಪು ಬರಲಿ ಅಂತ ಅವರೇ ಗೋಡೆಗೆ ಒಂದು ಚಾರ್ಟ್ ಹಾಕಿದ್ದರು. ಸರಿ ಉತ್ತರಕ್ಕೆ ಒಂದು ಸ್ಟಾರ್, ತಿಂಗಳ ಕೊನೆಗೆ ಜಾಸ್ತಿ ಸ್ಟಾರ್ ಇದ್ದವರಿಗೆ ಪೆನ್ನು.

ಸುಮಳ ಹೆಸರಿನ ಮುಂದೆ ಸ್ಟಾರ್‌ಗಳು ಜಾಗ ಸಾಲದೆ ಪಕ್ಕದ ಸಾಲಿಗೆ ಹತ್ತಿದ್ದವು. ಮಂಜನ ಹೆಸರಿನ ಮುಂದೆ ಏನೂ ಇರಲಿಲ್ಲ.

ಅವಳ ನೋಟ್ಸ್ ನೋಡಿದವರು ಮೆಚ್ಚಲೇಬೇಕು. ನೀಲಿ ಇಂಕಿನಲ್ಲಿ ಪ್ರಶ್ನೆ, ಕಪ್ಪಿನಲ್ಲಿ ಉತ್ತರ, ಸ್ಕೇಲಿಟ್ಟು ಎಳೆದ ಮಾರ್ಜಿನ್, ಎಲ್ಲೂ ಒಂದು ಚಿತ್ತಿಲ್ಲ. ಆದರೆ ಕೈಯಲ್ಲಿ ಹಿಡಿದರೆ ಪುಸ್ತಕ ತೆಳ್ಳಗೆ. ಮಧ್ಯದ ಹೊಲಿಗೆ ಸಡಿಲ. ಗಮನಿಸಿದರೆ ಗೊತ್ತಾಗುತ್ತಿತ್ತು: ಒಂದು ಪದ ತಪ್ಪಾದರೂ ಇಡೀ ಹಾಳೆ ಹರಿದು ಹಾಕಿ ಮತ್ತೆ ಬರೆಯುತ್ತಿದ್ದಳು. ಕೈ ಎತ್ತುವುದೂ ಹಾಗೇ. ಉತ್ತರ ಗೊತ್ತಿದ್ದರೆ ಪ್ರಶ್ನೆ ಮುಗಿಯುವ ಮೊದಲೇ ಕೈ ಮೇಲೆ. ಗೊತ್ತಿಲ್ಲದಿದ್ದರೆ ತಲೆ ತಗ್ಗಿಸಿ ಪುಟ ತಿರುವುತ್ತಾ ಕೂರುತ್ತಿದ್ದಳು. ಅವಳು ನನ್ನನ್ನು ಜಾಸ್ತಿ ಕೇಳಿದ ಪ್ರಶ್ನೆ ಒಂದೇ: "ಮಿಸ್, ಇದು ಎಕ್ಸಾಮಿಗೆ ಬರುತ್ತಾ?"

ತೊಡಕು ಕಂಡಿದ್ದು

ಒಂಬತ್ತನೇ ತರಗತಿ ವಿಜ್ಞಾನದಲ್ಲಿ ದ್ರವ್ಯದ ಪಾಠ ಇದೆ. ಅದರಲ್ಲಿ ಎಲ್ಲರಿಗೂ ಗೊತ್ತಿರುವ ಪ್ರಶ್ನೆ: ಮಣ್ಣಿನ ಮಡಕೆಯಲ್ಲಿ ಬೇಸಿಗೆಯಲ್ಲಿ ನೀರು ಯಾಕೆ ತಂಪಾಗಿರುತ್ತದೆ? ಸುಮ ಎದ್ದು ನಿಂತು ಉಸಿರು ಬಿಡದೆ ಹೇಳಿದಳು. ಮಡಕೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ, ಅದರ ಮೂಲಕ ನೀರು ಹೊರಬಂದು ಆವಿಯಾಗುತ್ತದೆ, ಆವಿಯಾಗಲು ಬೇಕಾದ ಉಷ್ಣವನ್ನು ಒಳಗಿನ ನೀರಿನಿಂದಲೇ ತೆಗೆದುಕೊಳ್ಳುತ್ತದೆ, ಆದ್ದರಿಂದ ನೀರು ತಂಪಾಗುತ್ತದೆ. ಒಂದು ಅಕ್ಷರ ತಪ್ಪಿಲ್ಲ.

ನಾನು ಕೇಳಿದೆ, "ನೀರು ರಂಧ್ರದಿಂದ ಹೊರಗೆ ಬರುತ್ತೆ ಅಂದೆಯಲ್ಲ, ಅದು ನಿಜ ಅಂತ ಹೇಗೆ ತೋರಿಸ್ತೀಯಾ?"

ಸುಮ ಉತ್ತರವನ್ನು ಮೊದಲಿಂದ ಮತ್ತೆ ಹೇಳಿದಳು, ಈ ಸಲ ಸ್ವಲ್ಪ ನಿಧಾನವಾಗಿ. "ಅದು ಸರಿ, ನನಗೆ ತೋರಿಸಬೇಕಲ್ಲ?" ಅಂದೆ. ಅವಳ ಮುಖ ಕೆಂಪಾಯಿತು. "ಗೈಡಲ್ಲಿ ಇಷ್ಟೇ ಇದೆ ಮಿಸ್."

ಆ ಮಾತಿಗೆ ಯಾರೂ ನಗಲಿಲ್ಲ. ಎಲ್ಲರ ಹತ್ತಿರವೂ ಅದೇ ಗೈಡು. ಆಗ ಹಿಂದಿನಿಂದ ಮಂಜ, ಕೂತಲ್ಲಿಂದಲೇ, "ನಮ್ಮನೆ ಮಡಕೆ ಕೆಳಗೆ ಮರಳು ಯಾವಾಗ್ಲೂ ಒದ್ದೆ ಇರುತ್ತೆ" ಅಂದ. ಉತ್ತರ ಅಂದರೆ ಅದು. ಅವನಿಗೆ ಅದು ಉತ್ತರ ಅನ್ನಿಸಿರಲಿಲ್ಲ, ಸುಮ್ನೆ ಹೇಳಿದ್ದ. ಸುಮಳಿಗೂ ಅನ್ನಿಸಲಿಲ್ಲ, ಯಾಕೆಂದರೆ ಅದು ಪುಸ್ತಕದ ವಾಕ್ಯದ ಹಾಗೆ ಇರಲಿಲ್ಲ.

ನನ್ನ ಅಧ್ಯಯನ ಶುರುವಾಗಿದ್ದು ಅಲ್ಲಿ. ಈ ಹುಡುಗಿಗೆ ಅಭಿಪ್ರೇರಣೆ, ಅಂದರೆ ಕಲಿಯುವ ಹುಮ್ಮಸ್ಸು, ಕಡಿಮೆ ಅಂತ ಯಾರೂ ಹೇಳಲಾರರು. ಬೆಳಗ್ಗೆ ಐದಕ್ಕೆ ಎದ್ದು ಓದುತ್ತಾಳೆ. ಆದರೆ ಆ ಓದಿನ ದಿಕ್ಕು ಪೂರ್ತಿ ಒಂದೇ ಕಡೆ: ಟೀಚರ್ ಮನಸ್ಸಿನಲ್ಲಿ ಯಾವ ಉತ್ತರ ಇದೆಯೋ ಅದನ್ನು ಮುಟ್ಟುವುದು. ನಮ್ಮ ಬಿ.ಎಡ್. ನೋಟ್ಸಿನಲ್ಲಿ ಆಂತರಿಕ ಅಭಿಪ್ರೇರಣೆ (ಕೆಲಸದ ಮೇಲಿನ ಆಸಕ್ತಿಯಿಂದಲೇ ಬರುವುದು), ಬಾಹ್ಯ ಅಭಿಪ್ರೇರಣೆ (ಅಂಕ, ಬಹುಮಾನದಂಥ ಹೊರಗಿನದರಿಂದ ಬರುವುದು) ಅಂತ ಎರಡು ಕಾಲಂ ಮಾಡಿ ವ್ಯತ್ಯಾಸ ಬರೆಸಿರುತ್ತಾರೆ. ನಾವೂ ಅದನ್ನು ಸುಮಳ ಹಾಗೆಯೇ ಬಾಯಿಪಾಠ ಮಾಡಿ ಬರೆದು ಅಂಕ ತೆಗೆದಿರುತ್ತೇವೆ. ಒಂದು ಮಗುವಿನಲ್ಲಿ ಅದು ಹೇಗೆ ಕಾಣುತ್ತದೆ ಅಂತ ನನಗೆ ಗೊತ್ತಾಗಿದ್ದು ಆ ದಿನ.

ಏನು ಮಾಡಬಹುದು ಅಂತ ಯೋಚಿಸಿದ್ದು

ಎಫ್‌ಎ ಅಂತ ಎಲ್ಲರೂ ಕರೆಯುವ ರೂಪಣಾತ್ಮಕ ಮೌಲ್ಯಮಾಪನ (ಪಾಠ ನಡೆಯುತ್ತಿರುವಾಗಲೇ ಕಲಿಕೆಯನ್ನು ಅಳೆಯುವುದು) ವರ್ಷಕ್ಕೆ ನಾಲ್ಕು ಬರುತ್ತದೆ. ಅದರಲ್ಲಿ ಟೆಸ್ಟ್ ಜೊತೆಗೆ ಚಟುವಟಿಕೆಗೂ ಅಂಕ ಇರುತ್ತದೆ. ಚಟುವಟಿಕೆ ಇಟ್ಟಿರುವುದೇ ಮಗು ತಾನೇ ಏನಾದರೂ ಮಾಡಿ ಕಲಿಯಲಿ ಅಂತ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ್ದೂ ಇದನ್ನೇ: ಶಾಲೆಯ ಕಲಿಕೆ ಹೊರಗಿನ ಬದುಕಿಗೆ ಸೇರಬೇಕು, ಬಾಯಿಪಾಠದಿಂದ ದೂರ ಸರಿಯಬೇಕು. ನಡೆಯುತ್ತಿರುವುದು ಏನು ಅಂತ ಎಲ್ಲ ಶಿಕ್ಷಕರಿಗೂ ಗೊತ್ತು. ಸೈಬರ್ ಸೆಂಟರಿನಲ್ಲಿ ಪ್ರಿಂಟ್ ತೆಗೆಸಿ, ಬಣ್ಣದ ಹಾಳೆಗೆ ಅಂಟಿಸಿ, ಮೇಲೆ ಪ್ಲಾಸ್ಟಿಕ್ ಕವರ್ ಹಾಕಿ ತಂದುಕೊಡುತ್ತಾರೆ. ಪೂರ್ತಿ ಅಂಕ ಬೀಳುತ್ತದೆ. ಮಕ್ಕಳದ್ದು ಇದರಲ್ಲಿ ತಪ್ಪೇನೂ ಇಲ್ಲ. ಯಾವುದಕ್ಕೆ ಅಂಕ ಕೊಡುತ್ತೇವೋ ಅದನ್ನು ಮಾಡುತ್ತಾರೆ.

ಮಡಕೆಯನ್ನೇ ಆ ಸಲದ ಚಟುವಟಿಕೆ ಮಾಡೋಣ ಅಂತ ನನ್ನ ಮಾರ್ಗದರ್ಶಕ ಸರ್ ಹತ್ತಿರ ಕೇಳಿದೆ. ಅದಕ್ಕೆ ತಕ್ಷಣ ಒಪ್ಪಿದರು. ಎರಡನೇ ಬೇಡಿಕೆಗೆ ಒಪ್ಪಲು ಹೊತ್ತು ಹಿಡಿಯಿತು: ಕೆಲಸ ನಡೆಯುವಷ್ಟು ದಿನ ಅಂಕವೂ ಬೇಡ, ಸ್ಟಾರೂ ಬೇಡ. ಪುಸ್ತಕದಲ್ಲಿ ನಾನು ಒಂದೆರಡು ಸಾಲು ಬರೆದು ಕೊಡುತ್ತೇನೆ, ಅಷ್ಟೇ. ಅಂಕ ಎಲ್ಲ ಮುಗಿದ ಮೇಲೆ ನೀವೇ ಹಾಕಿ.

ಇದಕ್ಕೆ ನನ್ನ ಹತ್ತಿರ ಆಧಾರ ಇತ್ತು. ರೂತ್ ಬಟ್ಲರ್ ಅನ್ನುವ ಸಂಶೋಧಕಿ 1988ರಲ್ಲಿ ಇಸ್ರೇಲಿನ ಐದು ಮತ್ತು ಆರನೇ ತರಗತಿ ಮಕ್ಕಳ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿದರು. ಒಂದು ಗುಂಪಿಗೆ ಬರೀ ಅಂಕ, ಒಂದಕ್ಕೆ ಬರೀ ಟಿಪ್ಪಣಿ, ಇನ್ನೊಂದಕ್ಕೆ ಎರಡೂ. ಬರೀ ಟಿಪ್ಪಣಿ ಸಿಕ್ಕ ಮಕ್ಕಳ ಆಸಕ್ತಿಯೂ ಉಳಿಯಿತು, ಕೆಲಸವೂ ಸುಧಾರಿಸಿತು. ಎರಡೂ ಸಿಕ್ಕವರಿಗೆ ಟಿಪ್ಪಣಿಯ ಲಾಭ ಸಿಗಲೇ ಇಲ್ಲ. ಅಂಕ ಕಂಡ ಮೇಲೆ ಪಕ್ಕದ ಬರಹವನ್ನು ಯಾರು ಓದುತ್ತಾರೆ, ಅಲ್ವಾ? ನಾವೂ ಓದಿದವರಲ್ಲ.

ಬಹುಮಾನದ ಬಗ್ಗೆಯೂ ಹಳೆಯ ಪ್ರಯೋಗ ಒಂದಿದೆ. ಮನೋವಿಜ್ಞಾನಿ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು 1973ರಲ್ಲಿ ಮಾಡಿದ್ದು. ಚಿತ್ರ ಬಿಡಿಸಲು ಇಷ್ಟಪಡುವ ಪುಟ್ಟ ಮಕ್ಕಳಿಗೆ, ಬಿಡಿಸಿದರೆ ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಮೊದಲೇ ಹೇಳಿದರು. ಅದಾದ ಮೇಲೆ ಆ ಮಕ್ಕಳು ತಾವಾಗಿಯೇ ಚಿತ್ರಕ್ಕೆ ಕೂರುವುದು ಕಡಿಮೆಯಾಯಿತು. ಹೇಳದೆ ಕೊನೆಗೆ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ. ಅಂದರೆ ಬಹುಮಾನ ಅನ್ನುವುದಕ್ಕಿಂತ ಅದರ ನಿರೀಕ್ಷೆ ಕೆಲಸದ ರುಚಿ ಕೆಡಿಸುತ್ತದೆ.

ಸರ್ ಎಲ್ಲ ಕೇಳಿ ಹೇಳಿದ್ದು ಇಷ್ಟು: "ಮೇಡಂ, ಮುಂದಿನ ವರ್ಷ ಇದೇ ಮಕ್ಕಳು 625ಕ್ಕೆ ಬರೀಬೇಕು. ಅಂಕ ಬೇಡ ಅಂತ ಕಲಿಸಿ ನೀವು ಹೋಗಿಬಿಡ್ತೀರಿ, ಆಮೇಲೆ ನಾನು ಇರ್ತೀನಿ." ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅದರಲ್ಲಿ ನಿಜ ಇದೆ. ಕೊನೆಗೆ ಈ ಒಂದು ಚಟುವಟಿಕೆಗೆ ಮಾತ್ರ ಅಂತ ಒಪ್ಪಂದವಾಯಿತು. ಗೋಡೆಯ ಚಾರ್ಟನ್ನು ನಾನು ತೆಗೆಸಲಿಲ್ಲ, ಕೇಳಲೂ ಇಲ್ಲ. ಅದು ಅವರ ತರಗತಿ.

ಮಡಕೆ ತಂದ ಮೇಲೆ

ಕೆಲಸ ಸರಳ. ಒಂದು ಹೊಸ ಮಡಕೆ, ಒಂದು ಸ್ಟೀಲ್ ಬಿಂದಿಗೆ, ಲ್ಯಾಬಿನ ಥರ್ಮಾಮೀಟರ್. ಎರಡರಲ್ಲೂ ಒಂದೇ ತೊಟ್ಟಿಯ ನೀರು. ಬೆಳಗ್ಗೆ ಮತ್ತು ಮಧ್ಯಾಹ್ನ ಉಷ್ಣತೆ ನೋಡಿ ಬರೆಯಬೇಕು. ಮಕ್ಕಳನ್ನು ಗುಂಪು ಮಾಡಿದೆವು. ಸುಮ ಮತ್ತು ಮಂಜ ಒಂದೇ ಗುಂಪಿಗೆ ಬಂದರು. ಬೇಕಂತ ಮಾಡಿದ್ದಲ್ಲ, ಹಾಜರಿ ಪಟ್ಟಿಯಲ್ಲಿ ಬಿದ್ದ ಹಾಗೆ ಬಿತ್ತು.

ಮೊದಲು ಪ್ರಶ್ನೆ ಕೇಳಿ ಕಾಯುವುದನ್ನು ರೂಢಿ ಮಾಡಿಕೊಂಡೆ. ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರು 1970ರ ದಶಕದಲ್ಲಿ ತೋರಿಸಿದ್ದರು, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ, ಅದನ್ನು ಮೂರಕ್ಕೆ ಏರಿಸಿದರೆ ಉತ್ತರ ಉದ್ದವಾಗುತ್ತದೆ, ಹೊಸಬರು ಬಾಯಿಬಿಡುತ್ತಾರೆ. ಮೂರು ಸೆಕೆಂಡ್ ಎಷ್ಟು ದೊಡ್ಡದು ಅಂತ ಬೋರ್ಡಿನ ಮುಂದೆ ನಿಂತವರಿಗೇ ಗೊತ್ತು. "ನೀರು ಹೊರಗೆ ಹೋಗುತ್ತೆ ಅಂತ ತೋರಿಸೋಕೆ ಏನು ಅಳೆಯಬೇಕು?" ಅಂತ ಕೇಳಿ ಸುಮ್ಮನೆ ನಿಂತೆ. ಸುಮಳ ಕೈ ಏಳಲಿಲ್ಲ. ಎರಡನೇ ಬೆಂಚಿನಿಂದ, ಯಾವತ್ತೂ ಮಾತಾಡದ ಒಬ್ಬಳು ಎದ್ದಳು. ಇವತ್ತು ಕತ್ತಿನವರೆಗೆ ತುಂಬಿಸೋಣ, ನಾಳೆ ಅದೇ ಗುರುತಿಗೆ ಬರಲು ಎಷ್ಟು ಮಿಲಿಲೀಟರ್ ಹಾಕಬೇಕಾಯ್ತು ನೋಡೋಣ ಅಂದಳು. ಎಷ್ಟು ಚೆನ್ನಾದ ಉಪಾಯ! ತಕ್ಕಡಿಯೂ ಬೇಡ.

ಮಂಜ ಅಡ್ಡ ಹಾಕಿದ. "ಹೊಸ ಮಡಕೆ ನೀರು ಕುಡಿಯುತ್ತೆ ಮಿಸ್. ನಮ್ಮಜ್ಜಿ ಮೊದಲು ನೆನೆಹಾಕ್ತಾರೆ." ಅಂದರೆ ಮೊದಲ ದಿನ ಕಡಿಮೆಯಾದ ನೀರೆಲ್ಲ ಹೊರಗೆ ಹೋದದ್ದಲ್ಲ, ಒಂದಿಷ್ಟು ಮಡಕೆಯ ಗೋಡೆಯಲ್ಲೇ ಉಳಿದಿರುತ್ತದೆ. ಲೆಕ್ಕ ಕೆಡುತ್ತದೆ. ಮಡಕೆಯನ್ನು ಬಕೆಟ್ಟಿನಲ್ಲಿ ಮುಳುಗಿಸಿಟ್ಟು ಆಮೇಲೆ ಶುರು ಮಾಡಿದೆವು. ಇನ್ನೊಂದು ಮಡಕೆಯ ಹೊರಗೆ ಪೂರ್ತಿ ಆಯಿಲ್ ಪೇಂಟ್ ಬಳಿಯಬೇಕು ಅಂದಿದ್ದೂ ಅವನೇ. ಅವರ ಮನೆಯಲ್ಲಿ ಚಂದಕ್ಕೆ ಅಂತ ಬಣ್ಣ ಹಚ್ಚಿದ ಮಡಕೆಯ ನೀರು ತಣ್ಣಗಾಗುತ್ತಿರಲಿಲ್ಲವಂತೆ.

ಸುಮ ಇದೆಲ್ಲವನ್ನೂ ನೀಟಾಗಿ ಬರೆದುಕೊಂಡಳು. ಅವಳ ಪಾಲಿನದ್ದು ಏನೂ ಇರಲಿಲ್ಲ. ಅದು ಅವಳಿಗೆ ಗೊತ್ತಿತ್ತು, ಅದಕ್ಕೇ ಇನ್ನಷ್ಟು ಮಂಕಾಗಿದ್ದಳು.

ಆಮೇಲೆ ಮಳೆ ಹಿಡಿಯಿತು. ಬಿಡದ ಮಳೆ. ಮಡಕೆಯ ನೀರಿಗೂ ಬಿಂದಿಗೆಯ ನೀರಿಗೂ ಒಂದು ಡಿಗ್ರಿ ವ್ಯತ್ಯಾಸ ಬಂದರೆ ಹೆಚ್ಚು. ಒಮ್ಮೊಮ್ಮೆ ಎರಡೂ ಒಂದೇ. ಮಕ್ಕಳು ಥರ್ಮಾಮೀಟರ್ ಕೆಟ್ಟಿದೆ ಅಂದರು, ಬೇರೆಯದು ತಂದರೂ ಅದೇ. ಸುಮ ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. "ಮಿಸ್, ಉತ್ತರ ಬರ್ತಿಲ್ಲ. ಐದು ಡಿಗ್ರಿ ಕಡಿಮೆ ಅಂತ ಬರ್ಕೊಳ್ಲಾ? ಬೇರೆ ಗುಂಪಿನವರು ಹಾಗೇ ಬರ್ಕೊಂಡಿದ್ದಾರೆ."

ಇಡೀ ಪ್ರಕರಣದ ತಿರುವು ಇದು. ಬೇಡ ಅಂತ ಗದರಿದ್ದರೆ ಅವಳು ಕೇಳುತ್ತಿದ್ದಳು, ಆದರೆ ಟೀಚರ್ ಹೇಳಿದರು ಅಂತ ಕೇಳುತ್ತಿದ್ದಳು. ಅದೇ ಹಳೆಯ ದಾರಿ. ಕಾರಣ ನಾನೇ ವಿವರಿಸಿದ್ದರೆ ಅದನ್ನೂ ಕಪ್ಪು ಇಂಕಿನಲ್ಲಿ ಬರೆದುಕೊಂಡು ಹೋಗುತ್ತಿದ್ದಳು. ನಾನು ಹೇಳಿದ್ದು ಇಷ್ಟೇ: "ನಮ್ಮೂರಲ್ಲಿ, ಈ ವಾರದ ಈ ಗಾಳಿಯಲ್ಲಿ ಮಡಕೆ ನೀರು ಎಷ್ಟು ತಂಪಾಗಬೇಕು ಅಂತ ಯಾವ ಗೈಡಲ್ಲೂ ಇಲ್ಲ. ನನಗೂ ಗೊತ್ತಿಲ್ಲ. ನೀನು ನೋಡಿದ್ದು ನಿನಗೆ ಮಾತ್ರ ಗೊತ್ತು." ಮಾರನೇ ದಿನ ಎಲ್ಲ ಗುಂಪಿನ ಅಂಕಿಗಳನ್ನೂ ಬೋರ್ಡಿನ ಮೇಲೆ ಬರೆಸಿದೆ, ಐದು ಡಿಗ್ರಿಯವರದ್ದನ್ನೂ. ಯಾರದ್ದು ಸುಳ್ಳು ಅಂತ ಕೇಳಲಿಲ್ಲ. ಎಲ್ಲರೂ ಹೋಗಿ ಮಡಕೆಗಳನ್ನು ಮತ್ತೆ ನೋಡಿ ಬಂದರು. ಐದು ಅಂತ ಬರೆದವರೇ ಎದ್ದು ಒರೆಸಿದರು.

ಮಳೆಗಾಲದಲ್ಲಿ ಮಡಕೆ ಯಾಕೆ ಸೋಲುತ್ತದೆ? ಸುಮ ಪುಸ್ತಕ ತಿರುವುತ್ತಿದ್ದಳು, ಎಂದಿನ ಹಾಗೆ. ಒಂದು ಪುಟದಲ್ಲಿ ನಿಂತಳು. ಅವಳೇ ಬರೆದ, ಟೆಸ್ಟಿನಲ್ಲಿ ಪೂರ್ತಿ ಅಂಕ ತಂದ ಉತ್ತರ: ಆವಿಯಾಗುವಿಕೆಯ ಮೇಲೆ ಪ್ರಭಾವ ಬೀರುವ ಅಂಶಗಳು. ಮೇಲ್ಮೈ ವಿಸ್ತೀರ್ಣ, ಉಷ್ಣತೆ, ಗಾಳಿಯ ವೇಗ, ಆರ್ದ್ರತೆ (ಗಾಳಿಯಲ್ಲಿರುವ ತೇವ). "ಆರ್ದ್ರತೆ ಹೆಚ್ಚಾದಂತೆ ಆವಿಯಾಗುವಿಕೆಯ ದರ ಕಡಿಮೆಯಾಗುತ್ತದೆ" ಅಂತ ಜೋರಾಗಿ ಓದಿದಳು. ಓದಿ, ಹೊರಗೆ ಮಳೆ ನೋಡಿ, "ಓ, ಇದು ಅದೇನಾ?" ಅಂದಳು.

ಆ ವಾಕ್ಯ ಅವಳ ಬಾಯಲ್ಲಿ ತಿಂಗಳಿಂದ ಇತ್ತು. ಅದು ತನ್ನ ಊರಿನ ಮಳೆಯ ಬಗ್ಗೆ ಅಂತ ಗೊತ್ತಿರಲಿಲ್ಲ.

ಅಲ್ಲಿಂದ ಅವಳು ಬದಲಾದ ವೇಗ ನನಗೆ ಆಶ್ಚರ್ಯ ತಂದಿತು. ಇದನ್ನು ತೋರಿಸುವುದು ಹೇಗೆ ಅಂತ ಅವಳೇ ಕೇಳಿಕೊಂಡಳು. ಬಿಸಿಲಿನ ದಿನಕ್ಕೂ ಮಳೆಯ ದಿನಕ್ಕೂ ಹೋಲಿಸಬಹುದು, ಆದರೆ ಆಗ ಉಷ್ಣತೆಯೂ ಬೇರೆ ಇರುತ್ತಲ್ಲ ಅಂತ ತಾನೇ ತಳ್ಳಿಹಾಕಿದಳು. ಮಳೆ ಬಿಟ್ಟು ಚೆನ್ನಾಗಿ ಬಿಸಿಲು ಬಂದ ದಿನ ಅವಳ ಗುಂಪು ಎರಡು ಮಡಕೆಗಳನ್ನು ನೆರಳಿನಲ್ಲಿ ಅಕ್ಕಪಕ್ಕ ಇಟ್ಟಿತು. ಒಂದರ ಮೇಲೆ ದೊಡ್ಡ ಪ್ಲಾಸ್ಟಿಕ್ ಬಕೆಟ್ ಬೋರಲು ಹಾಕಿ, ಒಳಗೆ ಒದ್ದೆ ಗೋಣಿಚೀಲ ಸುತ್ತಿಟ್ಟರು. "ಇದರೊಳಗೆ ಮಳೆಗಾಲ ಮಿಸ್" ಅಂದಳು ಸುಮ. ಮಧ್ಯಾಹ್ನ ನೋಡಿದರೆ ಹೊರಗಿನ ಮಡಕೆಯ ನೀರು ಬಿಂದಿಗೆಗಿಂತ ಸ್ಪಷ್ಟವಾಗಿ ತಣ್ಣಗಿತ್ತು, ಬಕೆಟ್ಟಿನೊಳಗಿನದ್ದು ಹೆಚ್ಚುಕಡಿಮೆ ಬಿಂದಿಗೆಯ ಹಾಗೇ ಇತ್ತು. ಆಯಿಲ್ ಪೇಂಟ್ ಬಳಿದ ಮಡಕೆಯೂ ಹಾಗೇ.

ಹವಾಮಾನ ನಮ್ಮ ಕೈಯಲ್ಲಿಲ್ಲ ಅಂದಾಗ ಅದನ್ನು ಬಕೆಟ್ಟಿನೊಳಗೆ ಮಾಡಿಕೊಂಡ ಈ ಉಪಾಯ ಯಾವ ಪುಸ್ತಕದಿಂದಲೂ ಬಂದದ್ದಲ್ಲ. ಸೃಜನಶೀಲತೆ ಅಂದರೆ ನನಗೆ ಈಗ ನೆನಪಾಗುವುದು ಆ ಬಕೆಟ್ಟೇ.

ಅಪ್ಪ ಬಂದಿದ್ದು

ಇದರ ಮಧ್ಯೆ ಸುಮಳ ಅಪ್ಪ ಶಾಲೆಗೆ ಬಂದರು. ಮಗಳ ಪುಸ್ತಕದಲ್ಲಿ ಅಂಕ ಇಲ್ಲ, ಸ್ಟಾರ್ ಇಲ್ಲ, ಬರೀ ಪ್ರಶ್ನೆ ಇದೆ. ಮಡಕೆ ಮಡಕೆ ಅಂತ ಮನೆಯಲ್ಲೂ ಅದೇ ಮಾತು. "ಟೆಂತ್ ಹತ್ರ ಬರ್ತಿದೆ ಮೇಡಂ, ಈಗ ಆಟ ಬೇಕಾ?" ಅಂದರು. ಸಿಟ್ಟಿನಿಂದ ಬಂದವರಲ್ಲ, ಭಯದಿಂದ ಬಂದವರು. ತಾವು ಎಸ್ಸೆಸ್ಸೆಲ್ಸಿ ದಾಟಿರಲಿಲ್ಲ, ಮಗಳ ಮೇಲೆ ಎಲ್ಲ ಆಸೆ ಇಟ್ಟಿದ್ದರು.

ನಾನು ಸಂಶೋಧನೆಯ ಮಾತು ತೆಗೆಯಲಿಲ್ಲ. ಸುಮಳನ್ನೇ ಕರೆದು, ಅಪ್ಪನಿಗೆ ತೋರಿಸಮ್ಮಾ ಅಂದೆ. ಅವಳು ವರಾಂಡಕ್ಕೆ ಕರೆದುಕೊಂಡು ಹೋಗಿ ಯಾವ ಮಡಕೆ ಯಾಕೆ ಇಟ್ಟಿದೆ, ಬಣ್ಣ ಯಾಕೆ ಬಳಿದಿದೆ ಅಂತ ಹೇಳಿದಳು. ನೋಟ್ಸ್ ನೋಡದೆ ಹೇಳಿದಳು. ಅಪ್ಪ ಎಲ್ಲ ಕೇಳಿ, ಮಡಕೆ ಮುಟ್ಟಿ ನೋಡಿದರು. ಆಮೇಲೆ ಸರ್ ಹತ್ತಿರ ಹೋಗಿ, "ಇದು ಎಕ್ಸಾಮಿಗೆ ಬರುತ್ತಾ ಸರ್?" ಅಂತ ಕೇಳಿದರು. ಸರ್ "ಬರುತ್ತೆ, ಬಂದೇ ಬರುತ್ತೆ" ಅಂದರು. ಪಾಠದಲ್ಲಿ ಇರುವ ಪ್ರಶ್ನೆಯೇ ಆದ್ದರಿಂದ ಅದು ನಿಜವೂ ಹೌದು. ಆ ಮಾತಿನಿಂದ ಅಪ್ಪ ಸಮಾಧಾನವಾದರು. ಅವರ ಮನಸ್ಸು ಬದಲಾಯಿತು ಅಂತ ನಾನು ಬರೆಯಲಾರೆ.

ಏನಾಯಿತು, ನನಗೆ ಏನು ತಿಳಿಯಿತು

ಸುಮಳ ವರದಿಯಲ್ಲಿ ಚಿತ್ತು ಇತ್ತು. ಮಳೆಯ ದಿನಗಳ "ಉತ್ತರ ಬಾರದ" ಕೋಷ್ಟಕವನ್ನು ಹರಿಯದೆ ಹಾಗೇ ಉಳಿಸಿ, ಕೆಳಗೆ "ಇದು ತಪ್ಪಲ್ಲ, ಕಾರಣ ಮುಂದಿನ ಪುಟದಲ್ಲಿದೆ" ಅಂತ ಬರೆದಿದ್ದಳು. ಚಟುವಟಿಕೆಗೆ ಅಂಕ ಹಾಕುವಾಗ ಸರ್ ತಡವರಿಸಿದರು. ಅಚ್ಚುಕಟ್ಟಿಗೆ ಅಂತ ಇದ್ದ ಅಂಕ ಕಡಿಮೆಯಾಗುತ್ತಿತ್ತು. ಕೊನೆಗೆ ಅವರೇ ಒಂದು ಹೊಸ ಅಂಶ ಸೇರಿಸಿದರು: ಮಗು ತಾನಾಗಿ ಕೇಳಿದ ಪ್ರಶ್ನೆ. ಅದಕ್ಕೂ ಅಂಕ. ಅಂಕಕ್ಕಾಗಿ ಪ್ರಶ್ನೆ ಕೇಳುವ ಹಾಗಾಗಬಹುದು ಅನ್ನುವ ಭಯ ನನಗಿದೆ, ಆದರೂ ಅಚ್ಚುಕಟ್ಟಿಗಿಂತ ಅದು ಮೇಲು.

ಎಲ್ಲವೂ ಬದಲಾಗಲಿಲ್ಲ. ಮುಂದಿನ ಪಾಠಕ್ಕೆ ಸುಮ ಮತ್ತೆ ಗೈಡು ತಂದಳು, ಟೆಸ್ಟ್ ಹಿಂದಿನ ದಿನ ಮತ್ತೆ ಬಾಯಿಪಾಠ. ಬದಲಾದದ್ದು ಒಂದು: ಗೊತ್ತಿಲ್ಲದ ಪ್ರಶ್ನೆ ಬಂದಾಗ ತಲೆ ತಗ್ಗಿಸುವ ಬದಲು "ಗೊತ್ತಿಲ್ಲ ಮಿಸ್, ಆದ್ರೆ ಹೀಗಿರಬಹುದು" ಅಂತ ಕೆಲವು ಸಲ ಹೇಳಿದಳು. ಮಂಜನ ಕಥೆ ಬೇರೆ. ಮಾತಿನಲ್ಲಿ ಮುಂದೆ ಇದ್ದವನು ವರದಿ ಬರೆಯುವಾಗ ಅರ್ಧ ಪುಟಕ್ಕೆ ನಿಂತ. ಅವನಿಗೆ ಓದು ಬರಹದಲ್ಲೇ ಬೇರೆ ಸಹಾಯ ಬೇಕು, ಮಡಕೆಯಿಂದ ಅದು ಸಿಗುವುದಿಲ್ಲ. ಇನ್ನೂ ಕೆಲವು ಮಕ್ಕಳಿಗೆ ಇದೊಂದು ಹೊರಗೆ ಅಡ್ಡಾಡುವ ಪೀರಿಯಡ್ ಅಷ್ಟೇ ಆಗಿತ್ತು.

ನನಗೆ ಗಟ್ಟಿಯಾಗಿ ಅನ್ನಿಸಿದ್ದು ಬಾಯಿಪಾಠದ ಬಗ್ಗೆ. ಅದು ಸೃಜನಶೀಲತೆಯ ಶತ್ರು ಅಂತ ಹೇಳುವುದು ಈಗ ರೂಢಿ. ಸುಮಳಲ್ಲಿ ನಾನು ಕಂಡಿದ್ದು ಬೇರೆ. ಆರ್ದ್ರತೆಯ ಆ ಸಾಲು ಅವಳಿಗೆ ಬಾಯಿಗೆ ಬರುತ್ತಿರದಿದ್ದರೆ ಬಕೆಟ್ಟಿನ ಉಪಾಯ ಹೊಳೆಯುತ್ತಲೇ ಇರಲಿಲ್ಲ. ಮಂಜನಿಗೆ ಅನುಭವ ಇತ್ತು, ಆ ಸಾಲು ಇರಲಿಲ್ಲ. ಸೃಜನಶೀಲತೆಯ ಬಗ್ಗೆ ಜೀವಮಾನ ಕೆಲಸ ಮಾಡಿದ ತೆರೆಸಾ ಅಮಾಬಿಲೆ 1983ರಲ್ಲೇ ಅದಕ್ಕೆ ಮೂರು ಬೇಕು ಅಂದಿದ್ದರು: ವಿಷಯದ ತಿಳಿವಳಿಕೆ, ಹೊಸದಾಗಿ ಯೋಚಿಸುವ ರೂಢಿ, ಕೆಲಸದ ಮೇಲೇ ಇರುವ ಆಸಕ್ತಿ. ಫಸ್ಟ್ ಬರುವ ಮಕ್ಕಳ ಹತ್ತಿರ ಮೊದಲನೆಯದು ಬೇಕಾದಷ್ಟಿದೆ. ಅವರನ್ನು ಕಟ್ಟಿಹಾಕಿರುವುದು ತಪ್ಪಾಗುವ ಭಯ. ಆ ಭಯವನ್ನು ಪ್ರತಿ ಸ್ಟಾರ್, ಪ್ರತಿ ಅಂಕ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡುತ್ತದೆ, ಅದೂ ನಾವು ಪ್ರೀತಿಯಿಂದ ಕೊಟ್ಟಾಗಲೂ. ಅಂಥ ಮಕ್ಕಳನ್ನು ಯಾರೂ ಪ್ರಕರಣ ಅಧ್ಯಯನಕ್ಕೆ ಆರಿಸಿಕೊಳ್ಳುವುದಿಲ್ಲ, ಅವರು ಚೆನ್ನಾಗಿಯೇ ಇದ್ದಾರೆ ಅಂದುಕೊಳ್ಳುತ್ತೇವೆ. ಇದು ನನಗೆ ತುಂಬ ನೋವಿನ ವಿಷಯ.

ಇದನ್ನು ಮಾಡಿ ನೋಡುವವರಿಗೆ ಒಂದು ಮಾತು. ಸರಿ ಉತ್ತರ ಮೊದಲೇ ಬರುವ ಬೇಸಿಗೆಯಲ್ಲಿ ಮಾಡಬೇಡಿ, ಮಳೆಗಾಲದಲ್ಲಿ ಮಾಡಿ. ಬೇಸಿಗೆಯಲ್ಲಾಗಿದ್ದರೆ ಮೊದಲ ದಿನವೇ ಪುಸ್ತಕ ಹೇಳಿದ್ದು ಸರಿ ಅಂತಾಗಿ ಸುಮ ಅಲ್ಲಿಗೇ ಪುಸ್ತಕ ಮುಚ್ಚುತ್ತಿದ್ದಳು. ಪಾಠದ ಯಾವ ಮಾತು ನಿಮ್ಮ ಊರಿನಲ್ಲಿ, ಆ ಕಾಲದಲ್ಲಿ ಹಾಗೆ ಆಗುವುದಿಲ್ಲವೋ ಅದನ್ನು ಹುಡುಕಿ ಚಟುವಟಿಕೆ ಮಾಡಿ. ಪ್ರತಿ ಪಾಠಕ್ಕೂ ಇದು ಆಗದು, ಸಮಯವೂ ಇಲ್ಲ. ಅರ್ಧ ವರ್ಷಕ್ಕೆ ಒಂದು ಸಾಕು. ಆ ಒಂದಕ್ಕೆ ಮಾತ್ರ, ಕೆಲಸ ಮುಗಿಯುವವರೆಗೆ ಅಂಕ ಬರೆಯಬೇಡಿ.

ಬಕೆಟ್ಟಿನ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಸುಮ ತನ್ನ ಗುಂಪಿನ ವರದಿ ಓದಿ ಮುಗಿಸಿದಾಗ ಅದೇ ಗುಂಪಿನ ಮಂಜನೇ ಎದ್ದು ಕೇಳಿದ, "ಬಕೆಟ್ ಒಳಗೆ ಗಾಳಿನೂ ಆಡಲ್ಲ. ತಂಪಾಗದೇ ಇದ್ದದ್ದು ತೇವಕ್ಕೋ, ಗಾಳಿ ಇಲ್ಲದ್ದಕ್ಕೋ?" ಸುಮ ಹಾಳೆ ನೋಡಲಿಲ್ಲ, ಸರ್ ಮುಖವನ್ನೂ ನೋಡಲಿಲ್ಲ. "ಹೌದಲ್ಲ" ಅಂದಳು. ಬಕೆಟ್ ಒಳಗೆ ತೇವ ಹೀರುವ ಏನನ್ನಾದರೂ ಇಟ್ಟರೆ ಗಾಳಿ ಆಡದಿದ್ದರೂ ಒಣಗಿರುತ್ತೆ ಅಂತ ಒಬ್ಬರು ಅಂದರು. ಸುಟ್ಟ ಸುಣ್ಣ ಅಂತ ಇನ್ನೊಬ್ಬರು. ಸುಣ್ಣ ನೀರು ಹೀರಿದರೆ ತಾನೇ ಬಿಸಿಯಾಗುತ್ತೆ ಅಂತ ಸರ್ ನೆನಪಿಸಿದರು. ಮಳೆಗಾಲದಲ್ಲಿ ಉಪ್ಪು ನೀರಾಗುತ್ತಲ್ಲ, ಉಪ್ಪು ಇಟ್ಟರೆ ಸಾಕಾಗುತ್ತಾ ಅಂತ ಚರ್ಚೆ ನಡೆಯುತ್ತಿರುವಾಗಲೇ ಬೆಲ್ ಆಯಿತು. ನನ್ನ ಇಂಟರ್ನ್‌ಶಿಪ್ ಆ ವಾರ ಮುಗಿಯಿತು. ಉಪ್ಪಿನ ಪ್ರಯೋಗ ಮಾಡಲು ಮಡಕೆಗಳನ್ನು ಸರ್ ಲ್ಯಾಬಿನಲ್ಲೇ ಇಟ್ಟುಕೊಂಡಿದ್ದಾರೆ.